ಹಲ್ಲಿನ ಮೇಲೆ ಕಲ್ಲಿನ ಸಹಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಮಕ್ಕಳು ಬಾಯ್ತುಂಬ ನಕ್ಕರೆ ಕೆಲವರ ಮುಂಬಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆಗಳೋ ಕಂದು ಗೆರೆಗಳೋ ಕಾಣುತ್ತವೆ. ಕೆಲವು ಮಕ್ಕಳು ಅದಕ್ಕೇ ಬಾಯಿ ಮುಚ್ಚಿಕೊಂಡು ನಗುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ‘ಸರಿಯಾಗಿ ಹಲ್ಲು ತಿಕ್ಕೂದಿಲ್ಲ ನೀನು’ ಎಂದು ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಗೆಳೆಯರ ಗೇಲಿ. ಪಾಪ, ಆ ಹುಡುಗ ಅಥವಾ ಹುಡುಗಿ ಬೇವಿನಕಡ್ಡಿ, ಇದ್ದಿಲು, ಪೇಸ್ಟು ಎಲ್ಲವನ್ನೂ ಹಾಕಿ ತಿಕ್ಕಿದರೂ ಆ ಗೆರೆ ಹೋಗುವುದಿಲ್ಲ. ಯಾಕೆಂದರೆ ಅದು ಕೊಳೆಯಲ್ಲ. ಹಲ್ಲು ಒಸಡಿನ ಒಳಗೆ ಇನ್ನೂ ರೂಪುಗೊಳ್ಳುತ್ತಿದ್ದಾಗಲೇ ಬಿದ್ದ ಗುರುತು. ಊರಿನ ನೆಲದಡಿಯ ಕಲ್ಲು ನೀರಿನ ಮೂಲಕ ಮಗುವಿನ ಹಲ್ಲಿನ ಮೇಲೆ ಹಾಕಿದ ಸಹಿ ಅದು.

ಈ ಸಹಿಯನ್ನು ಓದಬಲ್ಲ ಕಚೇರಿಗಳು ನಮ್ಮಲ್ಲಿವೆ. ಕಲ್ಲನ್ನು ಓದುವ ಭೂವಿಜ್ಞಾನ ಇಲಾಖೆ, ನೀರನ್ನು ಅಳೆಯುವ ಅಂತರ್ಜಲ ಇಲಾಖೆ, ಕಾಡುಪ್ರಾಣಿಗಳನ್ನು ಎಣಿಸುವ ಅರಣ್ಯ ಇಲಾಖೆ ಎಲ್ಲವೂ ಸರಕಾರದ ಖರ್ಚಿನಲ್ಲಿ, ಅಂದರೆ ನಮ್ಮೆಲ್ಲರ ಖರ್ಚಿನಲ್ಲಿ, ವರ್ಷವಿಡೀ ದುಡಿಯುತ್ತಿವೆ. ಅವು ಕಂಡುಕೊಂಡದ್ದು ನಮ್ಮ ಅಡುಗೆಮನೆಯವರೆಗೆ ಬರುತ್ತದೆಯೇ ಎಂಬುದೇ ಪ್ರಶ್ನೆ.

ಗಿಣಿಗೇರಾದ ಮೂರು ನೀರು

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಗಿಣಿಗೇರಾವನ್ನೇ ನೋಡಿ. ವಿಜ್ಞಾನ ಮೇಷ್ಟ್ರಿಗೆ ಇಷ್ಟು ಅನುಕೂಲದ ಪಾಠಶಾಲೆ ಸಿಗುವುದು ಅಪರೂಪ. ಒಂದು ಕಡೆ 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು. ಊರಿಗೆ ಅಂಟಿಕೊಂಡಂತೆ ಕೆರೆ. ಇನ್ನು ಮನೆಮನೆಯ, ಹೊಲಹೊಲದ ಕೊಳವೆಬಾವಿಗಳು. ಹೊಳೆಯ ನೀರು, ಕೆರೆಯ ನೀರು, ಕಲ್ಲಿನೊಳಗಿನ ನೀರು, ಹೀಗೆ ಮೂರೂ ಒಂದೇ ಊರಿನ ಸುತ್ತ ಸಿಗುತ್ತವೆ. ಇವುಗಳ ನಡುವೆ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳ ಚಿಮಣಿಗಳು.

ಚಿಮಣಿ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಏನೇ ಆದರೂ ನಮ್ಮ ಬೆರಳು ಮೊದಲು ಅತ್ತ ಹೋಗುತ್ತದೆ. ಹೊಗೆ, ದೂಳು, ಕಾರ್ಖಾನೆಯ ಕೊಳಚೆಯ ಲೆಕ್ಕ ಬೇರೆ. ಅದನ್ನು ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ, ಅದು ಬಿಗಿಯಾಗಿ ನಡೆಯಬೇಕಾದ ಕೆಲಸವೂ ಹೌದು. ಆದರೆ ಹಲ್ಲಿನ ಮೇಲಿನ ಕಂದು ಗೆರೆ ಚಿಮಣಿಗಳೇ ಇಲ್ಲದ ಹಳ್ಳಿಗಳಲ್ಲೂ ಇದೆ. ಅಲ್ಲಿ ತಪ್ಪಿತಸ್ಥ ಯಾರು? ಉತ್ತರ ಬೇಕಾದರೆ ನೆಲದ ಕೆಳಗೆ ಇಳಿಯಬೇಕು.

ಮುನ್ನೂರು ಕೋಟಿ ವರ್ಷದ ಕಲ್ಲು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆರಂಭವಾದದ್ದು 1851ರಲ್ಲಿ. ಅದರ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯನ್ನು ಸುತ್ತಾಡಿ ಬರೆದ ಭೂವಿಜ್ಞಾನ ಗ್ರಂಥ 1895ರಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿತ್ತು. ರಾಜ್ಯ ಯಾರದಾದರೇನು, ಕಲ್ಲಿಗೆ ಗಡಿಯಿಲ್ಲ. ಸಂಡೂರಿನ ಕಡೆ ಸಿಕ್ಕ ಅದಿರು ಚಿನ್ನದ ಬೆಲೆ ಪಡೆಯಿತು. ಈ ಕಡೆ ಸಿಕ್ಕದ್ದು ಗ್ರಾನೈಟು ಮತ್ತು ನೈಸ್.

ನೈಸ್ ಎಂದರೆ ಭೂಮಿಯ ಒಡಲಿನ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಬದಲಾದ ಶಿಲೆ. ನಮ್ಮ ರಾಜ್ಯದ ಬಹುಭಾಗಕ್ಕೆ ಇದೇ ಅಡಿಪಾಯ. ಇದರ ಹಲವು ಭಾಗಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಮನೆತನದ್ದು. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಈ ಅಡಿಪಾಯವನ್ನು ಸೀಳಿಕೊಂಡು ಕರಗಿದ ಶಿಲಾರಸ ಮೇಲೆದ್ದು ಆರಿ ಗ್ರಾನೈಟಾಯಿತು. ಹಂಪಿಯ ಹೆಬ್ಬಂಡೆಗಳು, ಆನೆಗೊಂದಿಯ ಗುಡ್ಡಗಳು ಹೀಗೆ ಹುಟ್ಟಿದವು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳು ಎರಡು ಸಾವಿರ ವರ್ಷ ಮೀರಿಯೂ ಉಳಿದದ್ದು ಇಲ್ಲಿಯ ಕಲ್ಲಿನ ಗಟ್ಟಿತನದಿಂದ.

ಇಂಥ ಗಟ್ಟಿ ಕಲ್ಲಿನೊಳಗೆ ಅಭ್ರಕದ ಕಪ್ಪು ಹಾಳೆಗಳಿವೆ, ಹಾರ್ನ್‌ಬ್ಲೆಂಡ್ ಎಂಬ ಕಡುಹಸಿರು ಹರಳುಗಳಿವೆ, ಅಪಟೈಟ್ ಮತ್ತು ಫ್ಲೋರೈಟ್ ಎಂಬ ಖನಿಜಗಳಿವೆ. ಇವೆಲ್ಲವುಗಳಲ್ಲೂ ಒಂದಿಷ್ಟು ಫ್ಲೋರಿನ್ ಅಡಗಿದೆ. ಕಲ್ಲಿನಲ್ಲಿ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ನೀರಿಗೆ ಇಳಿದಾಗ ಅದು ಫ್ಲೋರೈಡ್ ಆಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಬೇಳೆ ಬೇಯುವ ನೀರು

ಗ್ರಾನೈಟಿಗೆ ಇಡ್ಲಿಯಂತೆ ರಂಧ್ರಗಳಿಲ್ಲ. ಅದರೊಳಗೆ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಮಳೆ ಕಡಿಮೆ ಬೀಳುವ ನಾಡಿನಲ್ಲಿ ಆ ಬಿರುಕುಗಳಿಗೆ ಹೊಸ ನೀರು ಇಳಿಯುವುದು ನಿಧಾನ. ಆಳದ ನೀರು ವರ್ಷಗಟ್ಟಲೆ ಕಲ್ಲಿನ ಸಂಗಡ ಕುಳಿತು ಅದರ ಗುಣವನ್ನು ಹೀರಿಕೊಳ್ಳುತ್ತದೆ. ಹಿಂದೆ ನಮ್ಮ ಹಿರಿಯರು ಕುಡಿಯುತ್ತಿದ್ದುದು ಸೇದೋ ಬಾವಿಯ ನೀರು, ಹಳ್ಳದ ಒರತೆಯ ನೀರು, ಕೆರೆಯ ನೀರು. ಅವು ಮೊನ್ನೆ ಮೊನ್ನೆ ಬಿದ್ದ ಮಳೆಯ ನೀರೇ. ಕೊಳವೆಬಾವಿ ಬಂದ ಮೇಲೆ ನೂರು ಅಡಿ ಹೋಗಿ ಮುನ್ನೂರಾಯಿತು, ಮುನ್ನೂರು ಹೋಗಿ ಆರುನೂರಾಯಿತು. ನಾವು ಹಳೆಯ, ಇನ್ನೂ ಹಳೆಯ ನೀರಿಗೆ ಕೈಹಾಕಿದೆವು.

ಇಲ್ಲಿ ರಸಾಯನಶಾಸ್ತ್ರದ ಒಂದು ಚಮತ್ಕಾರವಿದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಫ್ಲೋರೈಡಿನ ಸಂಗಡ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದು ಬಹಳ ಕಡಿಮೆ, ತಳಕ್ಕೆ ಕೂರುತ್ತದೆ. ಅಂದರೆ ಕ್ಯಾಲ್ಸಿಯಂ ಒಂದು ರೀತಿಯ ಕಾವಲುಗಾರ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಕಾವಲುಗಾರನೇ ಇಲ್ಲ, ಫ್ಲೋರೈಡ್ ಧಾರಾಳವಾಗಿ ಕರಗುತ್ತದೆ.

ಈಗ ನಮ್ಮ ತಾಯಂದಿರು ನೀರನ್ನು ಪರೀಕ್ಷಿಸುವ ವಿಧಾನ ನೆನಪಿಸಿಕೊಳ್ಳಿ. ಬೇಳೆ ಬೇಗ ಬೆಂದರೆ, ಸಾಬೂನು ಚೆನ್ನಾಗಿ ನೊರೆ ಬಂದರೆ ಅದು ಒಳ್ಳೆಯ ನೀರು. ಬೇಳೆ ಬೇಯದಿದ್ದರೆ ಅದು ಸವಳು ನೀರು, ಗಡಸು ನೀರು. ಬೇಳೆ ಬೇಯಗೊಡದ ಗಡಸುತನಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಹಾಗಾದರೆ ಯಾವ ಬಾವಿಯ ನೀರಿಗೆ ಬೇಳೆ ಮೆತ್ತಗೆ ಬೇಯುತ್ತದೋ ಅದರಲ್ಲೇ ಫ್ಲೋರೈಡ್ ಅಡಗಿ ಕುಳಿತಿರಲು ಸಾಧ್ಯ! ಮೆತ್ತನೆಯ ನೀರೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಳೆನೀರು, ಹೊಳೆಯ ನೀರು ಮೆತ್ತಗಿದ್ದೂ ನಿರಪಾಯಕಾರಿ. ಆದರೆ ಕೊಳವೆಬಾವಿಯ ನೀರನ್ನು ನಾಲಗೆಯಿಂದಲೋ ಬೇಳೆಯಿಂದಲೋ ಅಳೆಯಲಾಗದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಸಿಗುವ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಕೊಲರಾಡೋದಿಂದ ನೆಲ್ಲೂರಿಗೆ

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿಯ ಜನರ ಕಂದು ಹಲ್ಲುಗಳನ್ನು ಕಂಡು ಬೆರಗಾದ. ಕಾರಣ ನೀರಿನಲ್ಲೇ ಇದೆ ಎಂಬ ಗುಮಾನಿ ಅವನದು, ಆದರೆ ಏನೆಂದು ಗೊತ್ತಾಗಲಿಲ್ಲ. ಮೂವತ್ತು ವರ್ಷ ಬಿಡದೆ ಬೆನ್ನು ಹತ್ತಿದ. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್, ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡನ್ನು ಪತ್ತೆ ಮಾಡಿದಾಗ ಗುಟ್ಟು ರಟ್ಟಾಯಿತು. ಭಾರತದಲ್ಲಿ 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿ ವರದಿ ಮಾಡಿದರು. ಹಲ್ಲಷ್ಟೇ ಅಲ್ಲ, ಬೆನ್ನು ಮತ್ತು ಕೀಲುಗಳು ಬಿಗಿದು ಬಾಗಲಾರದವರು ಅಲ್ಲಿದ್ದರು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೈ ಎತ್ತಬಹುದು: ‘ಸರ್, ಪೇಸ್ಟಿನ ಜಾಹೀರಾತಿನಲ್ಲಿ ಫ್ಲೋರೈಡ್ ಇದೆ ಅಂತ ಹೆಮ್ಮೆಯಿಂದ ಹೇಳ್ತಾರಲ್ಲ?’ ಪ್ರಶ್ನೆ ನ್ಯಾಯವಾದದ್ದೇ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ತಡೆಯುತ್ತದೆ. ಅದಕ್ಕೆಂದೇ 1945ರಿಂದ ಅಮೆರಿಕದ ಕೆಲವು ನಗರಗಳು ನಲ್ಲಿ ನೀರಿಗೆ ಫ್ಲೋರೈಡನ್ನು ಬೆರೆಸತೊಡಗಿದವು. ಅವರು ಬೆರೆಸುತ್ತಾರೆ, ನಾವು ತೆಗೆಯಲು ಹೆಣಗುತ್ತೇವೆ. ಔಷಧವೂ ವಿಷವೂ ಒಂದೇ ವಸ್ತು, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಬಿಸಿಲ ನಾಡಿನವರಾದ ನಾವು ತಂಪು ನಾಡಿನವರಿಗಿಂತ ಹೆಚ್ಚು ನೀರು ಕುಡಿಯುತ್ತೇವೆ. ಆದ್ದರಿಂದ ಅಷ್ಟೇ ಫ್ಲೋರೈಡ್ ಇರುವ ನೀರಿನಿಂದ ನಮ್ಮ ಮೈಗೆ ಸೇರುವುದು ಹೆಚ್ಚು.

ಲೀಟರಿಗೆ ಒಂದು ಮಿಲಿಗ್ರಾಂ

ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5. ಇದೆಷ್ಟು ಸಣ್ಣ ಪ್ರಮಾಣ? ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಒಂದು ಚಿಟಿಕೆ, ಅಂದರೆ ಒಂದೂವರೆ ಗ್ರಾಂ. ಅದಕ್ಕಿಂತ ಹೆಚ್ಚಿರುವ ನೀರನ್ನು ದಿನವೂ, ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ. ಪ್ರಮಾಣ ಇನ್ನೂ ಏರಿ, ಕುಡಿದ ವರ್ಷಗಳೂ ಏರಿದರೆ ಮೂಳೆಗೆ ಪೆಟ್ಟು. ಮೊದಲು ಕೀಲುನೋವು, ಆಮೇಲೆ ಬಿಗಿತ, ಕಡೆಗೆ ಊನ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಪಾಲಕರು ನೆನಪಿಡಬೇಕಾದ ಸಂಗತಿ ಇದು: ಶಾಶ್ವತ ಹಲ್ಲುಗಳ ಹೊರಕವಚ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ. ಮುಂಬಲ್ಲಿನ ಕಲೆ ಏಳೆಂಟನೆಯ ವಯಸ್ಸಿಗೆ ಕಣ್ಣಿಗೆ ಬಿದ್ದರೆ, ಅದು ಬರೆದದ್ದು ಆ ಮಗು ಅಂಗನವಾಡಿಗೆ ಹೋಗುವುದಕ್ಕೂ ಮುಂಚೆ ಕುಡಿದ ನೀರಿನ ಕಥೆಯನ್ನು. ಅದಕ್ಕೇ ಕಲೆ ಕಂಡ ಮೇಲೆ ಮಗುವನ್ನು ಬೈದು ಪ್ರಯೋಜನವಿಲ್ಲ. ಆ ಮನೆಯಲ್ಲಿ ತೊಟ್ಟಿಲ ಕೂಸೊಂದಿದ್ದರೆ ಅದರ ನೀರನ್ನು ಇಂದೇ ಬದಲಾಯಿಸುವುದು ಪ್ರಯೋಜನ.

ಅಳೆಯುವವರು

ಕೇಂದ್ರ ಅಂತರ್ಜಲ ಮಂಡಳಿ ರೂಪುಗೊಂಡದ್ದು 1970ರಲ್ಲಿ. ದೇಶದಾದ್ಯಂತ ಅದು ಗೊತ್ತುಮಾಡಿದ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯುತ್ತಾರೆ. ಜನವರಿ, ಬೇಸಿಗೆ, ಆಗಸ್ಟ್ ಮತ್ತು ನವೆಂಬರ್ ಅದರ ಕಾಲ. ಬೇಸಿಗೆಯಲ್ಲಿ ನೀರಿನ ಮಾದರಿಯನ್ನೂ ತೆಗೆದು ಪ್ರಯೋಗಶಾಲೆಗೆ ಒಯ್ಯುತ್ತಾರೆ. ರಾಜ್ಯದ ಅಂತರ್ಜಲ ಇಲಾಖೆ ಮತ್ತು ಗ್ರಾಮೀಣ ಕುಡಿಯುವ ನೀರು ಇಲಾಖೆಗಳಿಗೂ ತಮ್ಮದೇ ಪರೀಕ್ಷೆಗಳಿವೆ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಸಣ್ಣ ಪರೀಕ್ಷಾ ಪೆಟ್ಟಿಗೆ ಬಳಸಲು ತರಬೇತಿ ಕೊಡುವ ವ್ಯವಸ್ಥೆಯಿದೆ.

ಪರೀಕ್ಷೆ ನೋಡಲು ಸರಳ. ಜಿರ್ಕೋನಿಯಂ ಬೆರೆತ ಕೆಂಪು ಬಣ್ಣದ ದ್ರಾವಣಕ್ಕೆ ನೀರನ್ನು ಸೇರಿಸುತ್ತಾರೆ. ಫ್ಲೋರೈಡಿಗೆ ಜಿರ್ಕೋನಿಯಂ ಎಂದರೆ ಪ್ರೀತಿ. ಅದು ಬಣ್ಣದ ಕೈಯಿಂದ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದನ್ನು ಬಣ್ಣದ ಪಟ್ಟಿಗೆ ಹೋಲಿಸಿದರೆ ಫ್ಲೋರೈಡಿನ ಅಂದಾಜು ಸಿಗುತ್ತದೆ. ಖಚಿತ ಅಂಕಿ ಬೇಕಾದರೆ ಪ್ರಯೋಗಶಾಲೆಯ ವಿದ್ಯುದ್ವಾರ ಯಂತ್ರ ಬೇಕು.

ಸರಕಾರಿ ವರದಿಗಳನ್ನು ಓದುವಾಗ ಒಂದು ಎಚ್ಚರಿಕೆ. ‘ಜಿಲ್ಲೆಯ ಸರಾಸರಿ’ ಎಂಬ ಅಂಕಿ ನಿಮ್ಮ ಮನೆಗೆ ಉಪಯೋಗವಿಲ್ಲ. ಬಿರುಕಿನಿಂದ ಬಿರುಕಿಗೆ ನೀರಿನ ಗುಣ ಬೇರೆ. ಒಂದು ಕೊಳವೆಬಾವಿಯ ನೀರು ಮಿತಿಯೊಳಗಿದ್ದು, ನೂರು ಮಾರು ದೂರದ ಇನ್ನೊಂದರ ನೀರು ಅದರ ಎರಡು ಪಟ್ಟು ಇರಬಹುದು. ಒಂದೇ ಬಾವಿಯಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ವ್ಯತ್ಯಾಸ ಇರಬಹುದು. ಹೊಳೆಯನ್ನು ಸರಾಸರಿ ಆಳ ನೋಡಿ ದಾಟಲು ಹೋದವನ ಗತಿ ಏನಾಗುತ್ತದೆಂದು ಹೇಳಬೇಕಿಲ್ಲ. ನಿಮಗೆ ಬೇಕಾದದ್ದು ನಿಮ್ಮ ಬಾವಿಯ ಅಂಕಿ.

ನೀರುನಾಯಿಯ ಲೆಕ್ಕ, ತೋಳದ ಲೆಕ್ಕ

ಬಾವಿಯ ನೀರು ಬೇಡವಾದರೆ ಹೊಳೆಯ ನೀರು. ಜಲಾಶಯದ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ನಾರಾಯಣಪುರ ಜಲಾಶಯದಿಂದ ಕೃಷ್ಣೆಯ ನೀರನ್ನು ತರುವ ಬಹುಗ್ರಾಮ ಯೋಜನೆ ರೂಪಿಸಿದ್ದರ ಹಿಂದಿರುವುದು ಈ ವಿಚಾರವೇ. ಆದರೆ ಹೊಳೆಯ ನೀರಿಗೆ ಅದರದೇ ಕಾಯಿಲೆಗಳಿವೆ. ಊರಿನ ಕೊಳಚೆ, ಹೊಲದ ಗೊಬ್ಬರ, ಕಾರ್ಖಾನೆಯ ತ್ಯಾಜ್ಯ ಎಲ್ಲ ಸೇರುವುದು ಅಲ್ಲಿಗೇ. ಅದಕ್ಕೂ ಅಳತೆ ಬೇಕು.

ಆ ಅಳತೆಗೆ ಒಂದು ಜೀವಂತ ಸಾಧನವಿದೆ, ಅದೇ ನೀರುನಾಯಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ತುಂಗಭದ್ರೆಯನ್ನು ಸರಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿ ಮೀನು ತಿಂದು ಬದುಕುವ ಪ್ರಾಣಿ. ಹೊಳೆ ಕೆಟ್ಟರೆ ಮೀನು ಕಡಿಮೆ, ಮೀನು ಕಡಿಮೆಯಾದರೆ ನೀರುನಾಯಿ ಕಾಣೆ. ನಾಚಿಕೆಯ ಈ ಪ್ರಾಣಿಯನ್ನು ತಲೆ ಎಣಿಸಿ ಲೆಕ್ಕ ಹಾಕುವುದು ಕಷ್ಟ. ದಡದ ಬಂಡೆಗಳ ಮೇಲೆ ಬಿಟ್ಟ ಹಿಕ್ಕೆ, ಮರಳಿನಲ್ಲಿ ಮೂಡಿದ ಹೆಜ್ಜೆ, ಬಿಲ ಇವನ್ನು ಹುಡುಕಿ ಲೆಕ್ಕ ಇಡುತ್ತಾರೆ. ಅದೇ ದಡ, ಅದೇ ಕ್ರಮ, ಪ್ರತಿ ವರ್ಷ. ಆಗಲೇ ಏರಿತೋ ಇಳಿಯಿತೋ ತಿಳಿಯುವುದು. ವೀಕ್ಷಣಾ ಬಾವಿಗೂ ಇದೇ ನಿಯಮ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮವಿದೆ. ಕಡತಗಳಲ್ಲಿ ‘ಬಂಜರು’ ಎಂದು ಬರೆಯುವಂಥ ಕುರುಚಲು, ಕಲ್ಲುಗುಡ್ಡವೇ ತೋಳದ ಮನೆ. 2025ರ ಮಾರ್ಚಿನಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಬಂತು. ಎಂಟು ಹುಟ್ಟಿದವೆಂಬುದು ಸಂತೋಷ. ಎಷ್ಟು ಉಳಿದವು ಎಂಬುದನ್ನು ತಿಳಿಯಲು ಮತ್ತೆ ಮತ್ತೆ ಹೋಗಿ ನೋಡಬೇಕು. ಕುರಿ ಕಳೆದುಕೊಂಡ ಕುರಿಗಾಹಿಗೆ ಪರಿಹಾರ ಸಕಾಲಕ್ಕೆ ಸಿಗಬೇಕು, ಇಲ್ಲವಾದರೆ ತೋಳದ ಮೇಲೆ ಅವನಿಗೆ ಸಿಟ್ಟು ಬಾರದೆ ಇದ್ದೀತೆ?

ಮನೆಯಲ್ಲಿ ಏನು ಮಾಡಬಹುದು?

ಮೊದಲಿಗೆ, ಏನು ಮಾಡಿದರೆ ಉಪಯೋಗವಿಲ್ಲ ಎಂಬುದನ್ನು ತಿಳಿಯೋಣ. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರು, ಮಣ್ಣಿನ ಹರವಿ ಯಾವುದೂ ಇದಕ್ಕೆ ಮದ್ದಲ್ಲ. ಮಾರಾಟಗಾರರು ಪೆನ್ನಿನಂಥ ಟಿಡಿಎಸ್ ಮೀಟರನ್ನು ನೀರಿಗೆ ಅದ್ದಿ ತೋರಿಸುತ್ತಾರಲ್ಲ, ಅದು ಕರಗಿದ ಒಟ್ಟು ಲವಣಗಳ ಅಂದಾಜನ್ನಷ್ಟೇ ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳಲಾರದು.

ಉಪಯೋಗವಾಗುವ ದಾರಿಗಳು ಕೆಲವಿವೆ. ಊರಿನ ಶುದ್ಧ ನೀರಿನ ಘಟಕ ಆರ್‌ಒ ವಿಧಾನದ್ದಾಗಿದ್ದರೆ ಅದು ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಘಟಕದ ನೀರಿಗೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ನಾಗಪುರದ ನೀರಿ ಸಂಸ್ಥೆ ಎಪ್ಪತ್ತರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಲೆಕ್ಕ ಹಿಡಿದು ಬೆರೆಸಿ ಫ್ಲೋರೈಡನ್ನು ತಳಕ್ಕೆ ಕೂರಿಸುತ್ತಾರೆ. ಲೆಕ್ಕ ತಪ್ಪಿದರೆ ಪಟಿಕವೇ ನೀರಿನಲ್ಲಿ ಉಳಿಯುತ್ತದೆ, ಆದ್ದರಿಂದ ತಿಳಿದವರ ಮಾರ್ಗದರ್ಶನವಿಲ್ಲದೆ ಮಾಡಬಾರದು. ಶುಚಿಯಾದ ಮಾಳಿಗೆಯಿಂದ ಹಿಡಿದ ಮಳೆನೀರಿನಲ್ಲಿ ಕಲ್ಲಿನ ಪಾಲೇ ಇಲ್ಲ, ಕುದಿಸಿ ಕುಡಿದರೆ ಸಾಕು.

ಇಡೀ ಮನೆಯ ನೀರನ್ನು ಬದಲಿಸಬೇಕಿಲ್ಲ. ಸ್ನಾನಕ್ಕೆ, ಬಟ್ಟೆಗೆ, ದನಕರುಗಳ ಮೈ ತೊಳೆಯಲು ಬೋರಿನ ನೀರೇ ಇರಲಿ. ಕುಡಿಯಲು ಮತ್ತು ಅಡುಗೆಗೆ ಬೇಕಾದ ನಾಲ್ಕಾರು ಬಿಂದಿಗೆ ಸುರಕ್ಷಿತವಾಗಿದ್ದರೆ ಸಾಕು. ಅದೂ ಸಾಲದಿದ್ದರೆ ಗರ್ಭಿಣಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲ ಪಾಲು. ಹಾಲು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪು ಇವುಗಳ ಕ್ಯಾಲ್ಸಿಯಂ ಹೊಟ್ಟೆಯೊಳಗೂ ಕಾವಲುಗಾರನ ಕೆಲಸ ಮಾಡುತ್ತದೆ. ಪುಟ್ಟ ಮಕ್ಕಳು ಪೇಸ್ಟನ್ನು ನುಂಗದಂತೆ ನೋಡಿಕೊಳ್ಳಿ. ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ, ಮಕ್ಕಳಿಗೆ ಕಡುಚಹಾ ಬೇಡ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಸ್ವಚ್ಛವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಗಾಜಿನ ಸೀಸೆ ಬೇಡ, ಫ್ಲೋರೈಡ್ ಗಾಜಿನ ಸಂಗಡ ಬೆರೆಯಬಹುದು. ಬಾವಿಯ ಜಾಗ, ಆಳ, ದಿನಾಂಕ ಬರೆದು ಅಂಟಿಸಿ, ಶಿಕ್ಷಕರ ಮೂಲಕ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಶಾಲೆಗೆ ಕಳುಹಿಸಿ. ಬೇಸಿಗೆಯಲ್ಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ. ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. 1.5ಕ್ಕಿಂತ ಹೆಚ್ಚಿದ್ದರೆ ಆ ಪಂಪಿಗೆ ಕೆಂಪು ಬಣ್ಣ ಹಚ್ಚಿಸಲು ಪಂಚಾಯಿತಿಗೆ ಮನವಿ ಕೊಡಿ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ವಿಷವಿದ್ದ ಲಕ್ಷಾಂತರ ಬಾವಿಗಳನ್ನು ಹೀಗೆಯೇ ಕೆಂಪು, ಹಸಿರು ಬಣ್ಣದಿಂದ ಗುರುತಿಸಿದ್ದರು. ಓದು ಬಾರದ ಅಜ್ಜಿಗೂ ಅದು ಅರ್ಥವಾಗುವ ವರದಿ.

ಕೆಳಗಿನ ಕಲ್ಲನ್ನು ಬದಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಅದರ ಸಹಿ ಮಗುವಿನ ಬಾಯಿಗೆ ತಲುಪದಂತೆ ತಡೆಯುವುದು ಸಾಧ್ಯ. ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷಗಳ ಆಯುಸ್ಸು, ಅದಕ್ಕೆ ಅವಸರವಿಲ್ಲ. ಮಗುವಿನ ಹಲ್ಲಿಗೆ ಇರುವುದು ಎಂಟೇ ವರ್ಷ. ಬರುವ ವಾರ ನಿಮ್ಮ ಬಾವಿಯ ನೀರು ಸೀಸೆಯಲ್ಲಿ ಪ್ರಯೋಗಶಾಲೆಯ ದಾರಿ ಹಿಡಿಯಲಿ.